ಕಾಲೇಜು ಬಿಟ್ಟ ಮೇಲೂ ಬಿಡದ ನಂಟು

ಈ ಸಲದ ಅಂಚೆಯಲ್ಲಿ ನಾಲ್ಕು ಪತ್ರಗಳು ಹೈದರಾಬಾದಿನ ಬಾಲಾನಗರದಿಂದಲೇ ಬಂದಿವೆ. ಎಚ್‌ಎಎಲ್ ಏವಿಯಾನಿಕ್ಸ್ ಕಾರ್ಖಾನೆಗೆ ಬೆಂಗಳೂರಿನಿಂದ ವರ್ಗವಾಗಿ ಹೋದವರು, ಬೀದರ್-ಕಲಬುರಗಿ ಕಡೆಯಿಂದ ಲೇತು, ಮಿಲ್ಲಿಂಗ್ ಮಷೀನಿನ ಕೆಲಸ ಹುಡುಕಿಕೊಂಡು ಹೋದವರು ಸೇರಿ ಅಲ್ಲೊಂದು ಸಣ್ಣ ಕನ್ನಡ ಬಳಗವಿದೆ. ಮೊದಲ ಪತ್ರ ಬರೆದ ತಾಯಿ ಅದನ್ನು ಅಂಚೆಗೆ ಹಾಕುವ ಮೊದಲು ಸಂಕ್ರಾಂತಿಯ ಎಳ್ಳು ಬೀರಲು ಬಂದವರ ಮುಂದೆ ಓದಿದರಂತೆ. ಉಳಿದ ಮೂರೂ ಅದರ ಬೆನ್ನಿಗೇ ಬಂದಿವೆ. ಓದುವಾಗ ಕಟ್ಟಿಕೊಂಡ ಬಳಗ ಎಲ್ಲಿಯ ತನಕ ನಮ್ಮದು ಎಂಬುದೇ ಎಲ್ಲರ ಕೇಳಿಕೆ. ಅವರವರ ಕೋರಿಕೆಯಂತೆ ಹೆಸರು ಬಿಟ್ಟಿದ್ದೇನೆ.

ಪ್ರಶ್ನೆ: ಸರ್, ನಮಸ್ಕಾರ. ನಮ್ಮ ಮಗ ಅಮೆರಿಕದ ಟೆಕ್ಸಾಸಿನಲ್ಲಿ ಎಂಜಿನಿಯರಿಂಗ್ ಎರಡನೆಯ ವರ್ಷದಲ್ಲಿದ್ದಾನೆ. ಅಲ್ಲಿ ಫ್ರಟರ್ನಿಟಿ ಎಂದು ಹುಡುಗರ ಸಂಘಗಳಿವೆಯಂತೆ. ಅವನ ರೂಮ್‌ಮೇಟ್ ಕಪ್ಪು ಜನಾಂಗದ ಹುಡುಗ. ಆ ಹುಡುಗನ ತಂದೆ 30 ವರ್ಷದಿಂದ ಅಂಥದೊಂದು ಸಂಘದಲ್ಲಿದ್ದಾರೆ. ಅವರ ಮನೆಗೆ ಊಟಕ್ಕೆ ಹೋಗಿ ಬಂದ ಮೇಲೆ ನಮ್ಮವನಿಗೂ ಅದನ್ನೇ ಸೇರುವ ಆಸೆ. ಇತ್ತ ಬಿಳಿಯ ಹುಡುಗರ ಸಂಘವೊಂದೂ ಕರೆದಿದೆ. ಅವರಿಗೆ ದೊಡ್ಡ ಬಂಗಲೆಯೇ ಇದೆಯಂತೆ. 'ಇದನ್ನು ಸೇರಿದರೆ ನೌಕರಿ ಸಲೀಸು' ಎನ್ನುತ್ತಾನೆ ನನ್ನ ಮೈದುನ. ಒಮ್ಮೆ ಸೇರಿದರೆ ಸಾಯುವ ತನಕ ಬಿಡುವಂತಿಲ್ಲ ಎಂದೂ ಕೇಳಿದೆ. ರಾತ್ರಿ ನಿದ್ದೆ ಹತ್ತುತ್ತಿಲ್ಲ. ಅವನಿಗೆ ಏನು ಹೇಳಲಿ?
ಒಬ್ಬ ತಾಯಿ, ಬಾಲಾನಗರ

ಉತ್ತರ: ತಾಯೀ, ಮೊದಲು ನಿದ್ದೆ ಮಾಡಿ. ಸಾಯುವ ತನಕ ಎಂಬ ಮಾತು ನಿಮ್ಮ ಕಿವಿಗೆ ಶಾಪದ ಹಾಗೆ ಬಿದ್ದಿದೆ. ಕಾನೂನಿನ ಕಟ್ಟು ಅದರಲ್ಲಿ ಏನೂ ಇಲ್ಲ. ಬೇಡವೆನಿಸಿದವರು ಚಂದಾ ನಿಲ್ಲಿಸಿ ದೂರ ಉಳಿಯುತ್ತಾರೆ, ಯಾರೂ ಬಂದು ಎಳೆದೊಯ್ಯುವುದಿಲ್ಲ. ಆದರೂ ಆ ಮಾತನ್ನು ಅವರು ಸುಮ್ಮನೆ ಆಡುವುದಿಲ್ಲ, ಅದಕ್ಕೊಂದು ಕಥೆಯಿದೆ. ಅದನ್ನು ನಿಮ್ಮ ಮಗನೂ ತಿಳಿದಿರಬೇಕು.

ಗ್ರೀಕ್ ಅಕ್ಷರಗಳ ಹೆಸರಿಟ್ಟುಕೊಂಡ ಇಂಥ ಸಂಘಗಳು ಅಮೆರಿಕದಲ್ಲಿ 1776ರಷ್ಟು ಹಳೆಯವು. ಬಹಳ ಕಾಲ ಅವು ಬಿಳಿಯರದೇ ಆಗಿದ್ದವು. ಎಷ್ಟೋ ಸಂಘಗಳ ನಿಯಮಾವಳಿಯಲ್ಲಿ ಬಿಳಿಯ ಕ್ರೈಸ್ತ ಹುಡುಗರಿಗೆ ಮಾತ್ರ ಎಂದು ಬರೆದೇ ಇತ್ತು. ಆ ಸಾಲು ಅಳಿಸಿಹೋದದ್ದು ಎರಡನೆಯ ಮಹಾಯುದ್ಧ ಕಳೆದ ಮೇಲೆ. ಆ ಸಾಲು ಇನ್ನೂ ಇದ್ದ ಕಾಲದಲ್ಲಿ, ನ್ಯೂಯಾರ್ಕ್ ರಾಜ್ಯದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಬೆರಳೆಣಿಕೆಯ ಕಪ್ಪು ಹುಡುಗರಿದ್ದರು. ಹಿಂದಿನ ವರ್ಷ ಬಂದಿದ್ದ ಕಪ್ಪು ವಿದ್ಯಾರ್ಥಿಗಳು ಓದು ಅರ್ಧಕ್ಕೇ ಬಿಟ್ಟು ಹೋಗಿದ್ದರು. ಉಳಿದವರು ಒಟ್ಟಿಗೆ ಕೂತು ಓದೋಣ, ಒಬ್ಬರಿಗೊಬ್ಬರು ಆಸರೆಯಾಗೋಣ ಎಂದು ಒಂದು ಓದಿನ ಬಳಗ ಕಟ್ಟಿಕೊಂಡರು. 1906ರ ಡಿಸೆಂಬರ್ 4ರಂದು ಅವರಲ್ಲಿ ಏಳು ಮಂದಿ ಅದಕ್ಕೆ ಆಲ್ಫಾ ಫೈ ಆಲ್ಫಾ ಎಂದು ಹೆಸರಿಟ್ಟರು. 1908ರಲ್ಲಿ ವಾಷಿಂಗ್ಟನ್ನಿನ ಹೋವರ್ಡ್ ವಿಶ್ವವಿದ್ಯಾಲಯದಲ್ಲಿ ಹುಡುಗಿಯರದು ಆಲ್ಫಾ ಕಪ್ಪಾ ಆಲ್ಫಾ ಹುಟ್ಟಿತು. 1913ರಲ್ಲಿ ಅಲ್ಲೇ ಹುಟ್ಟಿದ ಡೆಲ್ಟಾ ಸಿಗ್ಮಾ ಥೀಟಾದ ಹುಡುಗಿಯರು ಎರಡು ತಿಂಗಳು ತುಂಬುವ ಮೊದಲೇ ಹೆಣ್ಣುಮಕ್ಕಳ ಮತದಾನದ ಹಕ್ಕಿಗಾಗಿ ನಡೆದ ಮೆರವಣಿಗೆಯಲ್ಲಿ ಹೆಜ್ಜೆ ಹಾಕಿದರು. ಇಂಥ ಒಂಬತ್ತು ಸಂಘಗಳು ಈಗಲೂ ಇವೆ.

ಪದವಿ ಮುಗಿಸಿ ಊರಿಗೆ ಹೋದ ಕಪ್ಪು ವೈದ್ಯನನ್ನು, ಮೇಷ್ಟರನ್ನು ಆ ಊರಿನ ಯಾವ ಕ್ಲಬ್ಬೂ ಒಳಗೆ ಬಿಡುತ್ತಿರಲಿಲ್ಲ. ಅವನ ಮಕ್ಕಳ ಓದಿಗೆ ಯಾವ ನಿಧಿಯೂ ಇರಲಿಲ್ಲ. ಅದಕ್ಕೇ ಕಾಲೇಜಿನ ಸಂಘ ಅವನ ಹಿಂದೆಯೇ ಊರಿಗೂ ಬಂತು. ದೊಡ್ಡವರಿಗೆಂದೇ ಪದವೀಧರರ ಶಾಖೆಗಳು ಎದ್ದವು. ಮಕ್ಕಳ ಓದಿಗೆ ಹಣ ಕೂಡಿಸುವುದು, ಮತದಾರರ ಪಟ್ಟಿಗೆ ಜನರ ಹೆಸರು ಸೇರಿಸುವುದು, ಸತ್ತವರ ಮನೆಗೆ ಹೋಗಿ ನಿಲ್ಲುವುದು, ಎಲ್ಲ ಅಲ್ಲಿಂದಲೇ ನಡೆಯಿತು. ಕಾಲೇಜಿನಲ್ಲಿ ಸೇರದವರು ನಂತರವೂ ಈ ಶಾಖೆಗಳಲ್ಲಿ ಸೇರಬಹುದು. ಮಾರ್ಟಿನ್ ಲೂಥರ್ ಕಿಂಗ್ ಆಲ್ಫಾ ಫೈ ಆಲ್ಫಾ ಸೇರಿದ್ದು 1952ರಲ್ಲಿ, ಬಾಸ್ಟನ್ನಿನಲ್ಲಿ ಡಾಕ್ಟರೇಟಿಗೆ ಓದುತ್ತಿದ್ದಾಗ. ವಾಷಿಂಗ್ಟನ್ನಿನಲ್ಲಿ ಅವರ ಸ್ಮಾರಕವೊಂದು ಬೇಕು ಎಂದು 1984ರಲ್ಲಿ ಎತ್ತಿದ್ದೂ ಇದೇ ಸಂಘ. ಸ್ಮಾರಕ ಜನರಿಗೆ ತೆರೆದದ್ದು 2011ರಲ್ಲಿ. 27 ವರ್ಷ ಒಂದು ಕೆಲಸದ ಬೆನ್ನು ಬಿಡದೆ ನಿಂತರಲ್ಲ, ನೀವು ಕೇಳಿಸಿಕೊಂಡ 'ಸಾಯುವ ತನಕ' ಎಂಬುದರ ಅರ್ಥ ಅದು.

ಬಿಳಿಯರ ಸಂಘಗಳಲ್ಲಿ ಹಳೆಯ ಸದಸ್ಯರು ಬೇರೆ ರೀತಿಯಲ್ಲಿ ಉಳಿಯುತ್ತಾರೆ. ಹುಡುಗರು ಇರುವ ಬಂಗಲೆ ಎಷ್ಟೋ ಕಡೆ ಹಳಬರದೇ ಒಂದು ಮಂಡಳಿಯ ಹೆಸರಿನಲ್ಲಿರುತ್ತದೆ. ಅವರು ಫುಟ್‌ಬಾಲ್ ಪಂದ್ಯಕ್ಕೆ ಬರುತ್ತಾರೆ, ದೇಣಿಗೆ ಕೊಡುತ್ತಾರೆ, ತಮ್ಮ ಕಂಪನಿಗಳಲ್ಲಿ ಹುಡುಗರಿಗೆ ಬಾಗಿಲು ತೆರೆಯುತ್ತಾರೆ. ನಿಮ್ಮ ಮೈದುನ ಹೇಳಿದ್ದು ಸುಳ್ಳಲ್ಲ. ಆದರೆ ನೌಕರಿಗೆಂದೇ ಸೇರಿದವನು ನೌಕರಿ ಸಿಕ್ಕ ಮೇಲೆ ಅಲ್ಲಿ ಯಾಕೆ ಉಳಿದಾನು? ನಾನು ಎರಡೂ ಬಣ್ಣದ ಒಳ್ಳೆಯ ಸಂಘಗಳ ಬಗ್ಗೆ ಕೇಳಿದ್ದೇನೆ, ಎರಡರಲ್ಲೂ ಕೆಟ್ಟವಿವೆ ಎಂಬುದೂ ಗೊತ್ತು. ನಿಮ್ಮ ಮಗ ಆ ಮನೆಗೆ ಊಟಕ್ಕೆ ಹೋದದ್ದೇ ಸರಿಯಾದ ಪರೀಕ್ಷೆ. ಇಪ್ಪತ್ತು ವರ್ಷದ ಹುಡುಗರು ಎಲ್ಲಿಯೂ ಚೆನ್ನಾಗಿಯೇ ಕಾಣುತ್ತಾರೆ. ಐವತ್ತು ದಾಟಿದ ಸದಸ್ಯ ಶನಿವಾರ ಸಂಘಕ್ಕಾಗಿ ಏನು ಮಾಡುತ್ತಾನೆ ಎಂದು ನೋಡಬೇಕು. ಆ ತಂದೆ ಮಕ್ಕಳಿಗೆ ಪಾಠ ಹೇಳಲು ಹೋಗುತ್ತಾರೋ, ಬರೀ ಬಿಲ್ಲೆ ಅಂಟಿಸಿಕೊಂಡು ಓಡಾಡುತ್ತಾರೋ, ಮಗನನ್ನೇ ಕೇಳಿ. ಬಂಗಲೆಯ ಸಂಘದವರನ್ನೂ ಅವನು ಅದೇ ಪ್ರಶ್ನೆ ಕೇಳಲಿ.

ಕಪ್ಪು ಜನಾಂಗದವರ ಸಂಘದಲ್ಲಿ ನಮ್ಮ ಹುಡುಗನಿಗೆ ಜಾಗ ಉಂಟೇ ಎಂಬ ಅಳುಕು ನಿಮಗಿದ್ದರೆ, ಉಂಟು. ಆಲ್ಫಾ ಫೈ ಆಲ್ಫಾ 1940ರ ದಶಕದಲ್ಲೇ ಎಲ್ಲ ಬಣ್ಣದವರಿಗೂ ಬಾಗಿಲು ತೆರೆಯಿತು. ಚೆನ್ನೈ ಮೂಲದ ತಾಯಿಯ, ಜಮೈಕಾದ ತಂದೆಯ ಮಗಳು ಕಮಲಾ ಹ್ಯಾರಿಸ್ 1986ರಲ್ಲಿ ಆಲ್ಫಾ ಕಪ್ಪಾ ಆಲ್ಫಾ ಸೇರಿ ಇಂದಿಗೂ ಅದರವರೇ. ಭಾರತ ಮೂಲದ ಹುಡುಗರೇ ಟೆಕ್ಸಾಸಿನ ಆಸ್ಟಿನ್ನಿನಲ್ಲಿ 1998ರಲ್ಲಿ ಕಟ್ಟಿಕೊಂಡ ಡೆಲ್ಟಾ ಎಪ್ಸಿಲಾನ್ ಸೈ ಎಂಬ ಸಂಘವೂ ಇದೆ. ಒಂದು ಮಾತು ಮಾತ್ರ ಅವನಿಗೆ ನನ್ನ ಪರವಾಗಿ ಹೇಳಿ: ಬೇರೆಯವರು ನೋವು ಉಂಡು ಕಟ್ಟಿದ ಮನೆಗೆ ಹೋಗುವವನು ಮೊದಲ ಕೆಲವು ವರ್ಷ ಕೇಳಿಸಿಕೊಳ್ಳಬೇಕು. ಹೊಸತನದ ರುಚಿಗೆ ಅಲ್ಲಿ ಹೋಗಬಾರದು.

ನಿಜವಾದ ಹೆದರಿಕೆ ಬೇರೆ ಇದೆ, ಅದನ್ನು ಮುಚ್ಚಿಡಲಾರೆ. ಸೇರುವಾಗ ಹಿರಿಯರು ಕಿರಿಯರಿಗೆ ಹಿಂಸೆ ಕೊಡುವ ಹೇಜಿಂಗ್, ನಮ್ಮ ರ‍್ಯಾಗಿಂಗಿನ ಅಣ್ಣ. 2017ರಲ್ಲಿ ಪೆನ್ಸಿಲ್ವೇನಿಯಾದಲ್ಲಿ ಇಂಥ ಒಂದು ರಾತ್ರಿ ಹುಡುಗನೊಬ್ಬ ವಿಪರೀತ ಕುಡಿಸಿಕೊಂಡು ಮೆಟ್ಟಿಲಿನಿಂದ ಬಿದ್ದ. ಗಂಟೆಗಟ್ಟಲೆ ಯಾರೂ ಆಂಬುಲೆನ್ಸ್ ಕರೆಯಲಿಲ್ಲ, ಹುಡುಗ ಸತ್ತ. ಕಪ್ಪು ಸಂಘಗಳು 1990ರಲ್ಲಿ ಆ ಹಳೆಯ ದೀಕ್ಷೆಯ ಪದ್ಧತಿಯನ್ನೇ ನಿಲ್ಲಿಸುವುದಾಗಿ ತೀರ್ಮಾನಿಸಿದವು, ಆದರೂ ಕತ್ತಲಲ್ಲಿ ಅದು ಪೂರ್ತಿ ನಿಂತಿಲ್ಲ. 2024ರ ಡಿಸೆಂಬರಿನಲ್ಲಿ ಬಂದ ಅಮೆರಿಕದ ಹೊಸ ಕಾಯಿದೆಯ ಪ್ರಕಾರ ಯಾವ ಸಂಘ ಹೇಜಿಂಗ್ ನಿಯಮ ಮುರಿದು ಸಿಕ್ಕಿಬಿದ್ದಿದೆ ಎಂಬುದನ್ನು ಕಾಲೇಜುಗಳೇ ಪ್ರಕಟಿಸಬೇಕು. ಮಗ ಆ ಪಟ್ಟಿ ನೋಡದೆ ಎಲ್ಲಿಯೂ ಹೆಸರು ಕೊಡಬಾರದು. ವಿದ್ಯಾರ್ಥಿ ವೀಸಾದಲ್ಲಿರುವವನಿಗೆ ಒಂದು ಪೊಲೀಸ್ ಕೇಸು ಸಾಕು, ಓದೇ ನಿಂತುಹೋದೀತು.

ನನ್ನದೂ ಒಂದು ಹೇಳುತ್ತೇನೆ. ನಾನು ಹಾಸ್ಟೆಲ್ ಸೇರಿದ ಮೊದಲ ರಾತ್ರಿ, ಚಳಿಗಾಲ, ನಮ್ಮನ್ನು ಬಚ್ಚಲ ಮನೆಯಲ್ಲಿ ಒದ್ದೆ ಬಟ್ಟೆಯಲ್ಲಿ ನಿಲ್ಲಿಸಿ ತಲೆಯ ಮೇಲೆ ತುಂಬಿದ ಬಕೆಟ್ ಹೊರಿಸಿದರು. ಹೀಗೆ ಮಾಡಿದರೇ ಅಣ್ಣತಮ್ಮಂದಿರಾಗುವುದು ಎಂದರು. ಅಂದು ಬಕೆಟ್ ಹೊರಿಸಿದವರ ಮುಖವೂ ನನಗೆ ನೆನಪಿಲ್ಲ. ಅವರು ಮಲಗಿದ ಮೇಲೆ ಒಬ್ಬ ಎರಡನೆಯ ವರ್ಷದ ಹುಡುಗ ಬಂದು ತನ್ನ ಒಣ ಟವೆಲ್ ಕೊಟ್ಟು ಸುಮ್ಮನೆ ಹೋದ. ನಲವತ್ತು ವರ್ಷದ ಮೇಲೂ ನಮ್ಮೆರಡು ಮನೆಗಳ ಮದುವೆ, ಸಾವು ಒಟ್ಟಿಗೇ ನಡೆಯುತ್ತವೆ.

ಪ್ರಶ್ನೆ: ನಾನು ರಾಯಚೂರು ಜಿಲ್ಲೆಯವನು, ಬಾಲಾನಗರದ ಔಷಧ ಕಂಪನಿಯೊಂದರಲ್ಲಿ ಕೆಮಿಸ್ಟ್. ನಮ್ಮ ಜನಾಂಗದ ಉಚಿತ ಹಾಸ್ಟೆಲ್ಲಿನಲ್ಲಿ 5 ವರ್ಷ ಉಂಡು ಓದಿದೆ. ಅಲ್ಲಿನ ಹಳೆ ವಿದ್ಯಾರ್ಥಿಗಳ ಸಂಘ ವರ್ಷಕ್ಕೊಮ್ಮೆ ವಂತಿಗೆ ಕೇಳುತ್ತದೆ. 'ಜಾತಿ ಸಂಘಕ್ಕೆ ದುಡ್ಡು ಕೊಡ್ತೀಯಾ?' ಎಂದು ಗೆಳೆಯ ಕೇಳಿದ ಮೇಲೆ ಮನಸ್ಸು ಕುಗ್ಗಿದೆ. ಕೊಡದಿದ್ದರೆ ಅನ್ನದ ಋಣ, ಕೊಟ್ಟರೆ ಜಾತಿ. ಏನು ಮಾಡಲಿ?

ಉತ್ತರ: ತಮ್ಮಾ, ಮೇಲಿನ ಉತ್ತರದಲ್ಲಿ 1906 ಎಂಬ ಇಸವಿ ಬಂತಲ್ಲ, ಬೆಂಗಳೂರಿನಲ್ಲಿ ಒಕ್ಕಲಿಗರ ಸಂಘ ಹುಟ್ಟಿದ್ದೂ ಅದೇ ವರ್ಷ. ಕಾರ್ನೆಲ್ಲಿನ ಹುಡುಗರಿಗೂ ಮೈಸೂರು ಸೀಮೆಯ ಒಕ್ಕಲು ಮಕ್ಕಳಿಗೂ ಪರಸ್ಪರ ಗೊತ್ತೇ ಇರಲಿಲ್ಲ, ಆದರೆ ಎರಡು ಕಡೆಯೂ ಅಡ್ಡಿ ಒಂದೇ ಥರದ್ದು. ಪೇಟೆಯಲ್ಲಿ ಕಾಲೇಜಿದೆ, ಫೀಸು ಹೇಗೋ ಕಟ್ಟಬಹುದು, ಆದರೆ ಉಣ್ಣಲು, ಮಲಗಲು ಜಾಗವಿಲ್ಲ. ಬಾಡಿಗೆಗೆ ಕೋಣೆ ಕೇಳಿದರೆ ಮೊದಲು ಜಾತಿ ಕೇಳುತ್ತಿದ್ದರು. ವಾರಾನ್ನದ ಮನೆಗಳು ಒಂದೇ ಜಾತಿಯ ಹುಡುಗರಿಗೆ ತೆರೆದಿದ್ದವು. ಆದ್ದರಿಂದಲೇ ನಮ್ಮಲ್ಲಿ ಶಾಲೆಗಿಂತ ಹೆಚ್ಚು ಜನರನ್ನು ಹಾಸ್ಟೆಲ್ ಓದಿಸಿದೆ ಎಂದು ನಾನು ನಂಬಿದ್ದೇನೆ.

ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು ಸಾರಸ್ವತ ಬ್ರಾಹ್ಮಣರಾಗಿದ್ದೂ ದಲಿತ ಮಕ್ಕಳಿಗೆ ಶಾಲೆ ತೆರೆದು, 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿದರು. ಅದಕ್ಕಾಗಿ ಸ್ವಜಾತಿಯವರಿಂದ ಬಹಿಷ್ಕಾರವನ್ನೂ ಉಂಡರು. 1916ರಲ್ಲಿ ಬೆಳಗಾವಿಯಲ್ಲಿ ಏಳು ಮಂದಿ ಶಿಕ್ಷಕರು ಕೂಡಿ ಕೆಎಲ್‌ಇ ಸಂಸ್ಥೆ ಆರಂಭಿಸಿದರು, ಜನ ಅವರನ್ನು ಸಪ್ತರ್ಷಿಗಳೆಂದೇ ಕರೆದರು. ಧಾರವಾಡದ ಮುರುಘಾಮಠದ ಪ್ರಸಾದ ನಿಲಯದಲ್ಲಿ ಉಂಡವರ ಹೆಸರು ಬರೆಯಲು ಹೊರಟರೆ ಉತ್ತರ ಕರ್ನಾಟಕದ ಅರ್ಧ ಚರಿತ್ರೆ ಬರೆದಂತಾಗುತ್ತದೆ. ನೀನೀಗ ಇರುವ ಹೈದರಾಬಾದಿನಲ್ಲೇ, 1918ರಲ್ಲಿ, ಮುಂದೆ ನಗರದ ಕೊತ್ವಾಲರಾದ ವೆಂಕಟರಾಮರೆಡ್ಡಿಯವರು ರೆಡ್ಡಿ ಹಾಸ್ಟೆಲ್ ಸ್ಥಾಪಿಸಿದರು. ಹಳ್ಳಿಯಿಂದ ಬಂದ ಹುಡುಗರು ಅಲ್ಲಿದ್ದು ಓದಿದರು. ಗೋಲ್ಕೊಂಡ ಪತ್ರಿಕೆಯ ಸುರವರಂ ಪ್ರತಾಪರೆಡ್ಡಿ ಅದರ ಮೇಲ್ವಿಚಾರಕರಾಗಿದ್ದರು. ಮೊದಲು ನಿಜಾಮರದಾಗಿದ್ದ ಅದೇ ರಾಜ್ಯದ ಔರಂಗಾಬಾದಿನಲ್ಲಿ ಅಂಬೇಡ್ಕರರು 1950ರಲ್ಲಿ ಮಿಲಿಂದ ಕಾಲೇಜು ಆರಂಭಿಸಿದರು. ಕರ್ನಾಟಕದಲ್ಲಿ 1973ರ ಬೂಸಾ ಪ್ರಕರಣದ ಬಳಿಕ ಎದ್ದ ದಲಿತ ಚಳವಳಿಗೆ ಹಾಸ್ಟೆಲ್ ಹುಡುಗರೇ ಕೈಕಾಲು.

ಬಾಗಿಲು ಮುಚ್ಚಿಸಿಕೊಂಡವರು ತಮಗೊಂದು ಬಾಗಿಲು ಮಾಡಿಕೊಂಡದ್ದಕ್ಕೆ ನೀನು ನಾಚಬೇಕಾಗಿಲ್ಲ. ನಿನ್ನ ಗೆಳೆಯ ಕೇಳಿದ್ದರಲ್ಲೂ ತೂಕವಿದೆ, ಅದನ್ನು ಸಂಘದ ಸಭೆಗೇ ಹೋಗಿ ಕೇಳು. ಇಂದು ಆ ಹಾಸ್ಟೆಲ್ಲಿನ ಬಾಗಿಲು ಯಾರಿಗೆ ತೆರೆದಿದೆ? ನಿಮ್ಮ ಜನಾಂಗಕ್ಕಿಂತ ಬಡವನಾದ, ಇನ್ನೂ ಎಲ್ಲಿಯೂ ಜಾಗ ಸಿಗದ ಹುಡುಗ ಅರ್ಜಿ ಹಾಕಿದರೆ ಏನಾಗುತ್ತದೆ? ತುಮಕೂರಿನ ಸಿದ್ಧಗಂಗೆಯಲ್ಲಿ ಶಿವಕುಮಾರ ಸ್ವಾಮಿಗಳು ಎಲ್ಲ ಜಾತಿ, ಧರ್ಮದ ಮಕ್ಕಳನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿದರು. 2019ರಲ್ಲಿ ಅವರು ಲಿಂಗೈಕ್ಯರಾದಾಗ ಅಲ್ಲಿ ಸುಮಾರು 10,000 ಮಕ್ಕಳಿದ್ದರು. ಒಂದು ಸಮುದಾಯದ ಮಠ ಇಷ್ಟು ಮಾಡಬಲ್ಲದಾದರೆ ನಿಮ್ಮ ಹಾಸ್ಟೆಲ್ ಹತ್ತು ಸೀಟು ಬೇರೆಯವರಿಗೆ ಇಡಲಾರದೇ? ಕೆಲವು ಸಂಘಗಳು ಮಕ್ಕಳ ಊಟ ಮರೆತು ವಧೂವರರ ಸಮಾವೇಶ, ಚುನಾವಣೆಯ ಟಿಕೆಟು ಎಂದು ಅಲೆಯುತ್ತಿರುವುದು ನೋಡಿದರೆ ನನಗೆ ಹೊಟ್ಟೆಯುರಿಯುತ್ತದೆ. ನಿನ್ನ ವಂತಿಗೆಯನ್ನು ಅಡುಗೆ ಮನೆಗೆಂದು ಬರೆದು ಕೊಡು, ರಸೀದಿಯಲ್ಲಿ ಹಾಗೆಯೇ ಬರೆಸಿಕೋ.

ನಾನು ಉಂಡ ಹಾಸ್ಟೆಲ್ಲಿನಲ್ಲಿ ಪ್ರತಿ ಸ್ಟೀಲ್ ತಟ್ಟೆಯ ಅಂಚಿಗೂ ಮೊಳೆಯಿಂದ ಗುದ್ದಿದ ನಂಬರ್ ಇತ್ತು. ನನ್ನದು 47. ಒಂದು ವಾರ್ಷಿಕ ಕೂಟಕ್ಕೆ ನಿವೃತ್ತ ತಹಸೀಲ್ದಾರರೊಬ್ಬರು ಬಂದಿದ್ದರು. ಭಾಷಣ ಮುಗಿಯುವ ಮೊದಲೇ ಎದ್ದು ಅಡುಗೆ ಮನೆಗೆ ಹೋಗಿ, ತೊಳೆದು ಬೋರಲು ಹಾಕಿದ್ದ ತಟ್ಟೆಗಳನ್ನು ಒಂದೊಂದೇ ತಿರುಗಿಸಿ ನೋಡತೊಡಗಿದರು. ಅವರ ತಟ್ಟೆ ಸಿಕ್ಕಲಿಲ್ಲ. ಆ ನಂಬರಿನ ಹೊಸ ತಟ್ಟೆಯಲ್ಲಿ ಊಟ ಮಾಡುತ್ತಿದ್ದ ಹುಡುಗ ಸಿಕ್ಕ, ಬೇರೆ ಜಾತಿಯವನು, ಕುರಿ ಕಾಯುವವರ ಮನೆಯಿಂದ ಬಂದವನು. ಆ ಹುಡುಗನ ಡಿಗ್ರಿ ಮುಗಿಯುವ ತನಕ ಅವರೇ ಫೀಸು ಕಟ್ಟಿದರು.

ಪ್ರಶ್ನೆ: ಅಂಕಲ್, ನಾನು ಮೊದಲ ವರ್ಷದ ಬಿ.ಟೆಕ್. ನಮ್ಮ ಕಾಲೇಜು ಹಾಸ್ಟೆಲ್ಲಿನಲ್ಲಿ ಸೀನಿಯರ್ ಅಕ್ಕಂದಿರು ರಾತ್ರಿ ಕೋಣೆಗೆ ಕರೆದು ಹಾಡು ಹೇಳು, ಕುಣಿ, ಬಟ್ಟೆ ಒಗೆ ಎನ್ನುತ್ತಾರೆ. ಮಾಡದಿದ್ದರೆ ನಾಲ್ಕು ವರ್ಷವೂ 'ಬ್ಯಾಚಿನಿಂದ ಹೊರಗೆ' ಇಡುತ್ತಾರಂತೆ. ಅಪ್ಪನಿಗೆ ಹೇಳಿಲ್ಲ.

ಉತ್ತರ: ಮಗಳೇ, ಇವತ್ತೇ ಅಪ್ಪನಿಗೆ ಹೇಳು. ನೀನು ಅನುಭವಿಸುತ್ತಿರುವುದು ರ‍್ಯಾಗಿಂಗ್, ಅದು ಅಪರಾಧ. ನಿಮ್ಮ ರಾಜ್ಯದಲ್ಲಿ 1997ರ ರ‍್ಯಾಗಿಂಗ್ ನಿಷೇಧ ಕಾಯಿದೆ ಜಾರಿಯಲ್ಲಿದೆ. ಅವಮಾನ ಮಾಡಿದ್ದಕ್ಕೇ ಜೈಲು ಉಂಟು. 2009ರ ಯುಜಿಸಿ ನಿಯಮದಂತೆ ಪ್ರತಿ ಕಾಲೇಜಿನಲ್ಲಿ ರ‍್ಯಾಗಿಂಗ್ ತಡೆ ಸಮಿತಿ ಇರಲೇಬೇಕು. ಸಹಾಯವಾಣಿ 1800-180-5522, ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು. ಕರೆದ ದಿನ, ಹೊತ್ತು, ಏನು ಮಾಡಿಸಿದರು ಎಂಬುದನ್ನು ಒಂದು ನೋಟುಬುಕ್ಕಿನಲ್ಲಿ ಬರೆದಿಡು, ಮೆಸೇಜುಗಳನ್ನು ಅಳಿಸಬೇಡ. ನಿನ್ನ ಜೊತೆ ಅದೇ ಪಾಡು ಪಡುತ್ತಿರುವ ಹುಡುಗಿಯರು ಪಕ್ಕದ ಕೋಣೆಗಳಲ್ಲೇ ಇದ್ದಾರೆ, ಅವರೇ ನಿನ್ನ ಬ್ಯಾಚು. ಅಪ್ಪ ಅಮ್ಮ ಬರಲು ತಡವಾದರೆ ನನಗೆ ಬರೆ, ಬಾಲಾನಗರದ ಹಿರಿಯರೊಬ್ಬರನ್ನು ನಿನ್ನ ಜೊತೆ ಪ್ರಿನ್ಸಿಪಾಲರ ಹತ್ತಿರ ಕಳಿಸುತ್ತೇನೆ.

ಪ್ರಶ್ನೆ: ಸರ್, ನಮಸ್ಕಾರ್ರಿ. ನಾ ಬೀದರ್ ಕಡಿಂದ ಬಂದು ಇಲ್ಲೇ ಬಾಲಾನಗರದ ಸೆಂಟ್ರಲ್ ಇನ್‌ಸ್ಟಿಟ್ಯೂಟ್ ಆಫ್ ಟೂಲ್ ಡಿಸೈನ್‌ದಾಗ ಡಿಪ್ಲೊಮಾ ಮಾಡಿದಂವ. ಈಗ ನಂದೇ ಸಣ್ಣ ವರ್ಕ್‌ಶಾಪ್ ಅದ, ಎರಡು ಲೇತ್, ಒಂದು ಸಿಎನ್‌ಸಿ. ನಮ್ಮ ಬ್ಯಾಚಿಂದು ವಾಟ್ಸ್‌ಆ್ಯಪ್ ಗ್ರೂಪ್ ಅದ. ಮುಂಜಾನೆ ಎದ್ದರ ಗುಡ್ ಮಾರ್ನಿಂಗ್ ಹೂವು, ಹಬ್ಬಕ್ಕ ದೀಪ, ಅಷ್ಟೇ. 25 ವರ್ಷ ಆತು, ಏನರೆ ಒಂದು ಕೆಲಸ ಮಾಡಬೇಕು ಅನಸ್ತದ. ರೊಕ್ಕ ಕೂಡಿಸಿದರ ಜಗಳ ಬರ್ತಾವ ಅಂತ ಹೆದರಿಕಿ. ಹ್ಯಾಂಗ ಸುರು ಮಾಡ್ಲಿ?

ಉತ್ತರ: ರೊಕ್ಕದಿಂದ ಸುರು ಮಾಡಬ್ಯಾಡ್ರಿ, ಕೆಲಸದಿಂದ ಸುರು ಮಾಡ್ರಿ. 1968ರಲ್ಲಿ ವಿಶ್ವಸಂಸ್ಥೆಯ ನೆರವಿನಿಂದ ಎದ್ದ ನಿಮ್ಮ ಸಂಸ್ಥೆ ನಿಮಗೆ ಮೈಕ್ರೋಮೀಟರ್ ಹಿಡಿಯುವುದು ಕಲಿಸಿತು. ಮಿಲಿಮೀಟರಿನ ನೂರನೆಯ ಒಂದು ಪಾಲನ್ನು ಬೆರಳಿನ ತುದಿಯಲ್ಲೇ ಅಳೆಯುವ ಆ ಹದ ನಿಮ್ಮ ಬ್ಯಾಚಿನ ಆಸ್ತಿ. ಬೀದರ್, ಭಾಲ್ಕಿ, ಹುಮನಾಬಾದ್ ಕಡೆಯ ಐಟಿಐ ಹುಡುಗರು ಹೈದರಾಬಾದಿಗೆ ಬಂದಾಗ ಕೈಯಲ್ಲಿ ಸರ್ಟಿಫಿಕೇಟ್ ಇರುತ್ತದೆ, ಆ ಹದ ಇರುವುದಿಲ್ಲ. ಗ್ರೂಪಿನಲ್ಲಿ ಇವತ್ತೇ ಒಂದು ಪ್ರಶ್ನೆ ಹಾಕಿ: ಯಾರ ವರ್ಕ್‌ಶಾಪಿನಲ್ಲಿ ಒಬ್ಬ ಹುಡುಗನಿಗೆ ಆರು ತಿಂಗಳು ಜಾಗ ಕೊಡಲು ಆಗುತ್ತದೆ? ಹೂವು ಕಳಿಸುವ ಅರ್ಧ ಮಂದಿ ಸುಮ್ಮನಾಗುತ್ತಾರೆ, ಅದಕ್ಕೆ ಬೇಜಾರು ಬೇಡ. ನಾಲ್ಕು ಮಂದಿ ಹೂಂ ಎಂದರೆ ಸಾಕು. ಎರಡನೆಯ ಕೆಲಸ, ಮನೆಯಲ್ಲಿ ಸುಮ್ಮನೆ ಬಿದ್ದಿರುವ ವರ್ನಿಯರ್, ಮೈಕ್ರೋಮೀಟರ್, ಡ್ರಾಯಿಂಗ್ ಸಾಮಾನು ಒಂದು ಪೆಟ್ಟಿಗೆಯಲ್ಲಿ ಕೂಡಿಸುವುದು. ಹೊಸ ಹುಡುಗನಿಗೆ ಅದನ್ನು ಕೊಳ್ಳುವುದೇ ಮೊದಲ ಭಾರ. ಆರು ತಿಂಗಳು ಮುಗಿದ ಮೇಲೆ ಅವನು ಒರೆಸಿ, ಎಣ್ಣೆ ಹಚ್ಚಿ ಮುಂದಿನವನಿಗೆ ಕೊಡಲಿ, ಪೆಟ್ಟಿಗೆಯ ಮುಚ್ಚಳದ ಒಳಗೆ ತನ್ನ ಹೆಸರು ಬರೆಯಲಿ.

ಒಂದು ವರ್ಷ ಹೀಗೆ ನಡೆದ ಮೇಲೆ ರೊಕ್ಕದ ಮಾತು. ಕಾಲೇಜುಗಳಿಗೆ ಮಾನ್ಯತೆ ಕೊಡುವ ನ್ಯಾಕ್ ಹಳೆ ವಿದ್ಯಾರ್ಥಿಗಳ ಪಾಲನ್ನೂ ನೋಡುವುದರಿಂದ ಈಗ ಕಾಗದದ ಮೇಲಿನ ಸಂಘಗಳಿಗೆ ಕೊರತೆಯಿಲ್ಲ. ನಿಮ್ಮದು ಹಾಗಾಗದಿರಲಿ. ತೆಲಂಗಾಣದಲ್ಲಿ ಸೊಸೈಟಿ ನೋಂದಣಿಗೆ ಏಳು ಸದಸ್ಯರು ಬೇಕು. ಬ್ಯಾಂಕ್ ಖಾತೆಗೆ ಇಬ್ಬರ ಸಹಿ ಕಡ್ಡಾಯ ಮಾಡಿ, ಅವರಿಬ್ಬರು ನಂಟರಾಗಿರಬಾರದು. ಪ್ರತಿ ತಿಂಗಳ ಮೊದಲ ದಿನ ಪಾಸ್‌ಬುಕ್ಕಿನ ಫೋಟೊ ಗ್ರೂಪಿಗೆ ಹೋಗಬೇಕು. ನಾನು ನೋಡಿದ ಜಗಳಗಳಲ್ಲಿ ಹೆಚ್ಚಿನವು ಲೆಕ್ಕ ಕಾಣದ್ದಕ್ಕೆ ಹುಟ್ಟಿದವು, ಕಳ್ಳತನಕ್ಕಲ್ಲ. ದುಬೈಯಲ್ಲೋ ಅಮೆರಿಕದಲ್ಲೋ ಇರುವ ನಿಮ್ಮ ಬ್ಯಾಚಿನವರು ಇನ್ನೂ ಭಾರತದ ಪಾಸ್‌ಪೋರ್ಟ್ ಹೊಂದಿದ್ದು ತಮ್ಮ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳಿಸಿದರೆ ಅಡ್ಡಿಯಿಲ್ಲ. ಆ ದೇಶದ ಪೌರತ್ವ ಪಡೆದವರು ಕಳಿಸಿದರೆ ಅದು ವಿದೇಶಿ ದೇಣಿಗೆ, ಅದಕ್ಕೆ ಎಫ್‌ಸಿಆರ್‌ಎ ಅನುಮತಿ ಬೇಕು. ಅನುಮತಿ ಇಲ್ಲದೆ ಒಂದು ರೂಪಾಯಿಯನ್ನೂ ಮುಟ್ಟಬೇಡಿ. ಅಂಥವರನ್ನು ವರ್ಷಕ್ಕೊಮ್ಮೆ ಊರಿಗೆ ಬಂದಾಗ ಎರಡು ದಿನ ಹುಡುಗರ ಜೊತೆ ಮಷೀನಿನ ಮುಂದೆ ನಿಲ್ಲಿಸಿಕೊಳ್ಳಿ, ಅದಕ್ಕೆ ಯಾರ ಅನುಮತಿಯೂ ಬೇಡ.

ಮೇಲೆ ಪತ್ರ ಬರೆದ ರಾಯಚೂರಿನ ತಮ್ಮ ನಿಮ್ಮ ಬಾಲಾನಗರದಲ್ಲೇ ಇದ್ದಾನೆ. ಅವನ ಹಾಸ್ಟೆಲ್ಲಿನಿಂದ ಪ್ರತಿ ವರ್ಷ ಐಟಿಐ ಮುಗಿಸಿ ಹೊರಬೀಳುವ ಹುಡುಗರಿದ್ದಾರೆಯೇ ಎಂದು ಕೇಳಿ ಬರೆಯುತ್ತೇನೆ. ಇದ್ದರೆ ನಿಮ್ಮ ಮೊದಲ ಹುಡುಗ ಅಲ್ಲಿಂದಲೇ ಬರಲಿ. ನೀವು ಪೆಟ್ಟಿಗೆ ಸಿದ್ಧ ಮಾಡಿಡಿ. ನನ್ನ ಒಡಹುಟ್ಟಿದ ತಮ್ಮನ ಬಳಿ ಒಂದು ಹಳೆಯ ಮೈಕ್ರೋಮೀಟರ್ ಇದೆ, 0 ದಿಂದ 25 ಮಿಲಿಮೀಟರಿನದು, ಬೇಗಂಪೇಟೆಗೆ ಬರುವ ರೈಲಿನಲ್ಲಿ ನಾನೇ ತಂದುಕೊಡುತ್ತೇನೆ.